ಸೋಲಿನಲ್ಲೂ ಗೆಲ್ಲಹೊರಟ ಕೆಂಚನಾಯಕ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಪಿಯುಸಿಯಲ್ಲಿ ಇಂಗ್ಲಿಷ್ ಕಲಿಸಿದ ಶಾಂಭವಿ ಮೇಡಂ. ‘ಔಟ್‌ಡೂ’ ಅಂದರೇನು ಎಂದು ಹಿಂದಿನ ಬೆಂಚಿನಿಂದ ಕೇಳಿದವಳು ನಾನೇ. "ಮೀರಿಸು ಅಂತ. ಅರ್ಥ ಡಿಕ್ಷನರಿಯಲ್ಲೇ ಇದೆ, ಬಳಸೋದು ಹೇಗೆ ಅನ್ನೋದು ಮಾತ್ರ ಕರಡಿದುರ್ಗದಲ್ಲಿದೆ," ಎಂದು ಪುಸ್ತಕ ಮುಚ್ಚಿಟ್ಟರು. ಅವತ್ತಿನ ಪಾಠ ಈ ಕತೆಯೇ.

ಕರಡಿದುರ್ಗದ ರಾಜ ಕೆಂಚನಾಯಕನಿಗೆ ಇಂಗ್ಲಿಷ್ ಕಲಿಯುವ ಹುಚ್ಚು. ಸೋಮವಾರಕ್ಕೊಮ್ಮೆ ಒಬ್ಬ ಇಂಗ್ಲಿಷ್ ದೊರೆ ಕುದುರೆಯೇರಿ ಬಂದು, ಒಂದು ಪದ ಕಲಿಸಿ, ಹೊಟ್ಟೆತುಂಬ ಊಟ ಮಾಡಿ ಹೋಗುತ್ತಿದ್ದ. ಆ ವಾರದ ಪದ ಔಟ್‌ಡೂ.

"ಸುಮ್ಮನೆ ಔಟ್‌ಡೂ ಅಂದರೆ ಆಗಲಿಲ್ಲ ಮಹಾರಾಜ್. ಯಾರನ್ನು ಮೀರಿಸಿದಿರಿ, ಯಾವುದರಲ್ಲಿ ಮೀರಿಸಿದಿರಿ, ಅದನ್ನೂ ಹೇಳಬೇಕು," ಎಂದ ದೊರೆ.

"ಎಲ್ಲರನ್ನೂ. ಎಲ್ಲದರಲ್ಲೂ," ಎಂದ ರಾಜ. ಮಾರನೆಯ ದಿನವೇ ಶುರುಮಾಡಿದ.

ಆ ಸೀಮೆಯಲ್ಲಿ ಒಂದು ಪದ್ಧತಿ. ಪಂದ್ಯ ಯಾವುದೇ ಇರಲಿ, ಸೋತವರು ಗೆದ್ದವರಿಗೆ ವೀಳ್ಯ ಕೊಡಬೇಕು, ಗೆದ್ದವರು ಅದನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಓಟಕ್ಕೆ ನಿಂತ ದಿವಾನ ಶೇಷಗಿರಿಯಪ್ಪ ಹೊರಟ ಜಾಗದಲ್ಲೇ ಕಾಲು ಉಳುಕಿಸಿಕೊಂಡರು. ಸಂಗೀತ ವಿದ್ವಾಂಸರಿಗೆ ಪಲ್ಲವಿಯಲ್ಲೇ ಗಂಟಲು ಕಟ್ಟಿತು. ಅಡುಗೆಯವನು ತನ್ನ ಸಾರಿಗೆ ತಾನೇ ಇನ್ನೊಂದು ಸಲ ಉಪ್ಪು ಸುರಿದುಕೊಂಡ. ಎಲ್ಲರ ವೀಳ್ಯವನ್ನೂ ಜಗಿದೂ ಜಗಿದೂ ರಾಜನ ಬಾಯಿ ಸುಣ್ಣಕ್ಕೆ ಬೆಂದುಹೋಯಿತು. ಆದರೂ ಆಸೆ ಬಿಡಲಿಲ್ಲ.

"ಇನ್ಯಾರು ಉಳಿದರು?"

"ಗರಡಿಯ ಬೊಮ್ಮಯ್ಯ, ಮಹಾಸ್ವಾಮಿ."

ಪೈಲ್ವಾನ ಬೊಮ್ಮಯ್ಯ ಬಂದು ಕೈಮುಗಿದ. "ಕುಸ್ತಿ ಬೇಡ ಬುದ್ಧಿ. ಗರಡಿಯ ಮಣ್ಣು ಹಣೆಗಿಟ್ಟುಕೊಂಡು ಆಣೆ ಮಾಡಿದವನು ನಾನು. ಬೇಕೂಂತ ಬೆನ್ನು ನೆಲಕ್ಕೆ ಹಚ್ಚೋದಿಲ್ಲ."

"ಅಂದರೆ, ನಾನು ನಿನ್ನ ಕೈಲಿ ಸೋಲ್ತೀನಿ ಅಂತಲೋ?"

ಬೊಮ್ಮಯ್ಯ ರಾಜನ ಹೊಟ್ಟೆಯ ಕಡೆ ನೋಡಿದ. ಅದೇ ತಪ್ಪಾಯಿತು.

"ನಾಳೆ ದರ್ಬಾರಿನಲ್ಲಿ ನಿನ್ನ ಬೆನ್ನು ಮಣ್ಣಾಗಬೇಕು. ಇಲ್ಲವೋ, ಗರಡಿಗೆ ಬೀಗ, ನಿನಗೆ ಗಡೀಪಾರು!"

ಸಿಂಹಾಸನದ ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ಹಡಪದ ಸಿದ್ದಮ್ಮ. ರಾಜರ ಎಲೆಯಡಿಕೆ ಚೀಲ ಅವಳ ಕೈಯಲ್ಲಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳು ಹೊರಗೆ ಬಂದರೆ ಬೊಮ್ಮಯ್ಯ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದ.

"ಸಿದ್ದಕ್ಕ, ಗಂಟುಮೂಟೆ ಕಟ್ಟಲಾ?"

"ಲಂಗೋಟಿ ಕಟ್ಟು, ಸಾಕು."

ಮಾರನೆಯ ದಿನ ದರ್ಬಾರು ತುಂಬುತ್ತಲೇ ಸಿದ್ದಮ್ಮ ಮುಂದೆ ಬಂದಳು. "ಬುದ್ಧಿ, ತಾವಿನ್ನೂ ನನ್ನನ್ನು ಮೀರಿಸಿಲ್ಲ."

"ನಿನ್ನನ್ನಾ? ದಿನಾ ಚೌಕಾಬಾರದಲ್ಲಿ ಸೋಲ್ತೀಯಲ್ಲೇ!"

"ಅದನ್ನೇ ನಾನು ಹೇಳ್ತಿರೋದು. ಸೋಲೋದರಲ್ಲಿ ಈ ಸೀಮೆಯಲ್ಲಿ ನನ್ನ ಸಮ ಯಾರೂ ಇಲ್ಲ. ತಾವು ಒಂದು ಸಲವಾದರೂ ಸೋತಿದ್ದೀರಾ?"

"ಸೋಲೋದೂ ಒಂದು ವಿದ್ಯೆಯೇನೇ?"

"ಅಲ್ಲದಿದ್ದರೆ ಬಿಡಿ. ಸೋಮವಾರ ದೊರೆ ಬಂದಾಗ, ಎಲ್ಲರನ್ನೂ ಎಲ್ಲದರಲ್ಲೂ ಮೀರಿಸಿದರು, ಎಲೆ ಮಡಿಸೋ ಹೆಂಗಸೊಬ್ಬಳನ್ನು ಮಾತ್ರ ಆಗಲಿಲ್ಲ ಅಂದುಬಿಡ್ತೀನಿ."

ರಾಜ ತಟ್ಟನೆ ಎದ್ದುನಿಂತ. "ಏಯ್, ಬೇಡ! ಅದರಲ್ಲೂ ಮೀರಿಸ್ತೀನಿ."

"ಹಾಗಾದರೆ ಹಳೇದೆಲ್ಲ ಬಿಟ್ಟೆ. ಇವತ್ತಿನಿಂದ ಹೊಸ ಲೆಕ್ಕ. ಯಾರು ಹೆಚ್ಚು ಸೋಲ್ತಾರೋ ಅವರು ಗೆದ್ದಹಾಗೆ."

"ಅದೇನು ಮಹಾ!" ಎಂದು ರಾಜ ದಿವಾನರನ್ನು ಓಟಕ್ಕೆ ಕರೆದ. ತಾನು ಆಮೆಯ ಹಾಗೆ ಹೆಜ್ಜೆಯಿಟ್ಟ. ಶೇಷಗಿರಿಯಪ್ಪ ಹಿಂದಕ್ಕೆ ನಡೆಯತೊಡಗಿದರು.

"ಮುಂದೆ ಹೋಗ್ರೀ!"

"ಉಂಟೇ ಮಹಾಸ್ವಾಮಿ, ತಮಗಿಂತ ಮುಂದೆ ನಾನಾ?"

ರಾಜ ಹಾಡಿದ, ಲಾಯದಲ್ಲಿ ಕುದುರೆಗಳು ಬೆದರಿದವು. ವಿದ್ವಾಂಸರು "ಆಹಾ" ಎಂದು ತಮ್ಮ ತಂಬೂರಿಗೆ ಗವುಸು ಹಾಕಿದರು. ರಾಜ ಸಾರಿಗೆ ಹಿಡಿಹಿಡಿ ಉಪ್ಪು ಹಾಕಿದ. ಅಡುಗೆಯವನು ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಅಮೃತ!" ಎಂದ. ಮತ್ತೆ ಮೂವರೂ ವೀಳ್ಯ ಹಿಡಿದು ಸಾಲಾಗಿ ಬಂದರು.

ಬೆಂದ ನಾಲಿಗೆಯಲ್ಲಿ ರಾಜ ಕೂಗಿಕೊಂಡ: "ಈ ರಾಜ್ಯದಲ್ಲಿ ನನ್ನನ್ನು ಸೋಲಿಸೋರು ಒಬ್ಬರೂ ಇಲ್ಲವೇನ್ರೋ!"

"ಒಬ್ಬ ಇದ್ದಾನೆ ಬುದ್ಧಿ," ಎಂದಳು ಸಿದ್ದಮ್ಮ. "ಅವನನ್ನು ಇವತ್ತು ಗಡಿ ದಾಟಿಸ್ತಿದ್ದೀರಿ."

"ಕರೀರಿ ಅವನನ್ನ!"

ಬೊಮ್ಮಯ್ಯ ಲಂಗೋಟಿ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದ. ಅಂಗಳದಲ್ಲಿ ಕೆಮ್ಮಣ್ಣು ಹರಡಿದರು. ಅವನು ಮಣ್ಣು ಮುಟ್ಟಿ ಹಣೆಗೊತ್ತಿಕೊಂಡದ್ದು ಕಂಡಿತು. ಹಿಡಿದದ್ದು ಯಾರಿಗೂ ಕಾಣಲಿಲ್ಲ. ನೋಡಿದರೆ ರಾಜ ಅಂಗಾತ. ದಿವಾನರು ಕಣ್ಣು ಮುಚ್ಚಿಕೊಂಡರು.

"ಸೋತೆ! ಸಿದ್ದಮ್ಮಾ, ಸೋತೆ ಕಣೇ!" ರಾಜ ಬಿದ್ದಲ್ಲೇ ಕೈಕಾಲು ಕುಣಿಸಿದ. ಎದ್ದು ಮಣ್ಣು ಕೊಡವಿ, ಬೊಮ್ಮಯ್ಯನ ಕೈಗೆ ವೀಳ್ಯವಿಟ್ಟ. "ಗರಡಿ ನಿಂದೇ ಕಣಯ್ಯ. ಗಡೀಪಾರೂ ಇಲ್ಲ, ಬೀಗವೂ ಇಲ್ಲ. ನೀನೊಬ್ಬ ಇಲ್ಲದಿದ್ದರೆ ನಾನು ಗೆಲ್ತಾನೇ ಇರಲಿಲ್ಲ!"

ಬೊಮ್ಮಯ್ಯ ನಿಧಾನವಾಗಿ, ಸವಿದು ಸವಿದು ಜಗಿದ.

ರಾಜ ಸಿದ್ದಮ್ಮನ ಕಡೆ ತಿರುಗಿದ. "ಹೂಂ, ಸೋಲಿನಲ್ಲೂ ನಿನ್ನನ್ನು ಮೀರಿಸಿದೆ. ಒಪ್ಪಿಕೋ."

"ಒಪ್ಪಿದೆ ಬುದ್ಧಿ. ನಾನು ಸೋತೆ." ಸಿದ್ದಮ್ಮ ಬಗ್ಗಿ ವೀಳ್ಯ ನೀಡಿದಳು.

ರಾಜ ವೀಳ್ಯವನ್ನು ತುಟಿಯ ತನಕ ತಂದವನು ಅಲ್ಲೇ ನಿಲ್ಲಿಸಿದ. "ತಡಿ. ಈಗ ನೀನೂ ಒಂದು ಸೋತಹಾಗಾಯ್ತಲ್ಲ! ಇಬ್ಬರದೂ ಸಮ! ಇನ್ನು ನಿನ್ನನ್ನು ಮೀರಿಸೋದು ಹೇಗೆ?"

"ಏನಿಲ್ಲ ಬುದ್ಧಿ, ಇನ್ನೊಂದು ಸಲ ಬೀಳಬೇಕು. ಬೊಮ್ಮಯ್ಯ ಇಲ್ಲೇ ಇದ್ದಾನೆ."

ರಾಜ ಬೊಮ್ಮಯ್ಯನನ್ನು ನೋಡಿದ, ತನ್ನ ಸೊಂಟ ಮುಟ್ಟಿ ನೋಡಿಕೊಂಡ. ಆಮೇಲೆ ನಕ್ಕ ನೋಡಿ, ಅಂಗಳವೆಲ್ಲ ಅದುರಿತು. ಹೊದ್ದಿದ್ದ ಜರಿಶಾಲು ತೆಗೆದು ಸಿದ್ದಮ್ಮನಿಗೆ ಹೊದಿಸಿದ. ಸೋಮವಾರ ಬಂದ ದೊರೆಗೆ, "ಆ ಪದ ವಾಪಸ್ ತಗೊಳ್ಳಿ, ಬೇರೆ ಕೊಡಿ," ಎಂದನಂತೆ.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಎಲ್ಲದರಲ್ಲೂ ತಾನೇ ಮೊದಲು ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಈ ಕತೆ ಹೇಳಿ, ನನಗಿಂತ ಚೆನ್ನಾಗಿ ಹೇಳಿ. ವೀಳ್ಯ ನಾನೇ ಕೊಡ್ತೀನಿ, ಸುಣ್ಣ ಕಡಿಮೆ ಹಾಕಿ.