ಹಾಕದೆ ಬಿಟ್ಟ ವಾಷರ್

"ಗುರುಗಳೇ, ತಪ್ಪು ಮಾಡಿದವನ ಮೇಲೆ ಸಿಟ್ಟಾಗುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಅಡುಗೆಮನೆಯ ಹೊಣೆ ಹೊತ್ತವನು. ಹೊಸದಾಗಿ ಸೇರಿದ್ದ ಸಾಧಕನೊಬ್ಬ ಅಂದು ಮತ್ತೆ ಅನ್ನ ಸೀಯಿಸಿದ್ದ. ಶಿಷ್ಯ ಅವನನ್ನು ಪಂಕ್ತಿಯಲ್ಲಿ ಕುಳಿತವರ ಎದುರಿಗೇ ಬಾಯಿಗೆ ಬಂದಂತೆ ಬೈದಿದ್ದ. ಹೊಸಬ ಗಂಟು ಕಟ್ಟಿಕೊಂಡು ಹೊರಟು ಹೋಗಿದ್ದ.

ಗುರುಗಳ ಮುಖ ಬಿಗಿದಿತ್ತು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಸೈಕಲ್ ರಿಪೇರಿಯವನಿದ್ದ. ಅವನ ಕೆಲಸಕ್ಕೆ ಒಳ್ಳೆಯ ಹೆಸರಿತ್ತು. ಆ ಹೆಸರೇ ಅವನ ತಲೆಗೆ ಏರಿತ್ತು. ಅದೇ ಊರಿನಲ್ಲಿ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ಸುತ್ತಿ ಬನ್ನು ಮಾರುವ ಒಬ್ಬ ಬಡಪಾಯಿ ಇದ್ದ. ಸೈಕಲ್ಲೇ ಅವನ ಅಂಗಡಿ.

ಬನ್ನಿನವನು ಒಮ್ಮೆ ಸೈಕಲ್ಲನ್ನು ಸರ್ವೀಸಿಗೆ ಬಿಟ್ಟ. ರಿಪೇರಿಯವನು ಮುಂದಿನ ಚಕ್ರ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಮತ್ತೆ ಕೂರಿಸಿದ. ನಟ್ ಹಾಕುವಾಗ ನೋಡಿದರೆ ಸ್ಪ್ರಿಂಗ್ ವಾಷರ್ ಮುಗಿದಿತ್ತು. ದಾರಿಯ ಕುಲುಕಾಟಕ್ಕೆ ನಟ್ ಸಡಿಲವಾಗದಂತೆ ಹಿಡಿಯುವುದು ಆ ಸೀಳಿದ ಬಳೆಯೇ. ಹಳೆಯದು ಚಪ್ಪಟೆಯಾಗಿ ಕೆಲಸಕ್ಕೆ ಬಾರದಂತಾಗಿತ್ತು. ಆಮೇಲೆ ಹಾಕಿದರಾಯಿತು ಎಂದುಕೊಂಡು ಬರಿಯ ನಟ್ಟನ್ನೇ ಬಿಗಿದು ಕಳಿಸಿದ. ಯಾರಿಗೂ ಹೇಳಲಿಲ್ಲ. ಇಲ್ಲಿಯವರೆಗಿನದು ಸೋಮಾರಿತನ, ಅದನ್ನು ಕ್ಷಮಿಸಬಹುದು.

ಕೆಲವು ದಿನಗಳಲ್ಲೇ ಬನ್ನಿನವನು ತಿರುಗಿ ಬಂದ. "ಅಣ್ಣಾ, ಮುಂದಿನ ಚಕ್ರ ಅಲ್ಲಾಡ್ತಿದೆ," ಎಂದ.

ರಿಪೇರಿಯವನಿಗೆ ಕಾರಣ ತಕ್ಷಣ ಹೊಳೆಯಿತು. ಆದರೆ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. "ನಾನು ಬಿಗಿದ ನಟ್ ಸಡಿಲ ಆಗುತ್ತೇನೋ? ಗುಂಡಿ ಕಂಡಲ್ಲೆಲ್ಲ ಎತ್ತಿನ ಗಾಡಿ ಥರ ಇಳಿಸ್ತೀಯ. ಸೈಕಲ್ ಹೊಡೆಯೋಕೇ ಬರಲ್ಲ ನಿಂಗೆ!" ಎಂದು ಕೂಗಿದ. ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ದನಿ ಅಷ್ಟು ದೊಡ್ಡದಾಗಿತ್ತು.

ಮರುದಿನ ವಾಷರ್ ಡಬ್ಬಿಗಟ್ಟಲೆ ಬಂತು. ಆದರೆ ಹಾಕುವುದು ಹೇಗೆ? ಈಗ ಹಾಕಿದರೆ, ಮೊದಲು ಹಾಕಿರಲಿಲ್ಲ ಎಂದು ಒಪ್ಪಿಕೊಂಡ ಹಾಗೆ! ಬನ್ನಿನವನು ಮತ್ತೆ ಬಂದಾಗ ರಿಪೇರಿಯವನು ಮತ್ತೆ ಬೈದ. ಬೈಯುತ್ತಲೇ, ಗ್ರೀಸನ್ನೂ ಒರೆಸದೆ, ಅದರ ಮೇಲೆ ನಟ್ಟಿಗೆ ಹಚ್ಚುವ ಅಂಟು ಸುರಿದ. ಗ್ರೀಸಿನ ಮೇಲೆ ಅಂಟು ಹಿಡಿಯುತ್ತದೆಯೇ? ಮುಂದಿನ ಸಲ ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿಕೊಂಡು ತಿರುಗಿಸಿದ. ಹಾಗೆ ಬಿಗಿದರೆ ನಟ್ಟಿನೊಳಗಿನ ಥ್ರೆಡ್ಡೇ ಕಿತ್ತುಹೋಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಿಗಿದ.

ಇನ್ನು ಬನ್ನಿನವನ ಪಾಡು ಕೇಳು. ಅಷ್ಟು ಬೈಸಿಕೊಂಡ ಮೇಲೆ ತಪ್ಪು ತನ್ನದೇ ಎಂದು ನಂಬಿಬಿಟ್ಟ. ಮೀಸೆ ಮೂಡುವ ಮೊದಲೇ ಸೈಕಲ್ ಕಲಿತವನು ಈಗ ಸಣ್ಣ ಕಲ್ಲು ಕಂಡರೂ ಇಳಿದು ತಳ್ಳಿಕೊಂಡು ಹೋಗತೊಡಗಿದ. ಊರೂರು ತಲುಪುವಷ್ಟರಲ್ಲಿ ಹೊತ್ತೇರಿ ವ್ಯಾಪಾರ ಕೆಟ್ಟಿತು. ಚಕ್ರ ಅಲ್ಲಾಡಿದರೂ ಬೈಗುಳಕ್ಕೆ ಹೆದರಿ ಅಂಗಡಿಯತ್ತ ಹೋಗುವುದನ್ನೇ ಬಿಟ್ಟ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಒಂದು ದಿನ ಕೆರೆ ಏರಿಯ ಇಳಿಜಾರಿನಲ್ಲಿ ನಟ್ ಕಳಚಿ ಚಕ್ರ ಬೇರೆಯಾಯಿತು. ಬನ್ನಿನವನು ಮುಖ ಅಡಿಯಾಗಿ ಬಿದ್ದ. ಬಲಗೈ ಮುರಿಯಿತು. ಸುದ್ದಿ ಕೇಳಿ ರಿಪೇರಿಯವನು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. ಅವನನ್ನು ಕಂಡದ್ದೇ, ರಕ್ತ ಸೋರುತ್ತಿದ್ದ ಆ ಮನುಷ್ಯ ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದ. "ಬೈಬೇಡಿ ಅಣ್ಣಾ, ಇವತ್ತು ನಿಧಾನಕ್ಕೇ ಬರ್ತಿದ್ದೆ," ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆದರೆ ಗುರುಗಳೇ, ಆ ಹೊಸಬ ನಿಜವಾಗಿಯೂ ಅನ್ನ ಸೀಯಿಸಿದ. ನಾನೇ ಕಣ್ಣಾರೆ ನೋಡಿದೆ," ಎಂದ.

"ಒಲೆಯಿಂದ ಸೌದೆ ಯಾವಾಗ ಎಳೆಯಬೇಕೆಂದು ನೀನು ಅವನಿಗೆ ಯಾವತ್ತು ಹೇಳಿಕೊಟ್ಟೆ?" ಎಂದರು ಗುರುಗಳು.

ಶಿಷ್ಯ ಎದ್ದು, ಹೊಸಬ ಹೋದ ದಾರಿ ಹಿಡಿದ.