ನಿಂಗಿ ಮಂಜಿನೊಳಗೆ ಕಾಲಿಟ್ಟದ್ದು

ಒಂದು ಕತೆಯೊಳಗೆ ನಿಂಗಿ ಅಂತ ಒಂದು ಕತ್ತೆ ಇತ್ತು. ಅದರ ಮರಿ ಹೊಳೆಯಾಚೆ ಹಸಿದು ಕೂಗ್ತಿತ್ತು, ಹೊಳೆ ತುಂಬಿ ಹರೀತಿತ್ತು. ಆಗ ಮಂಜು ಬಂದು, "ನನ್ನೊಳಗೆ ನಿಂತ್ಕೊಳ್ಳಮ್ಮ, ತೇಲಿಸ್ತೀನಿ" ಅಂತು.

ಪುಕ್ಕಟೆ ಬಂದದ್ದನ್ನೆಲ್ಲ ನಿಂಗಿ ಮೊದಲು ಮೂಸಿ ನೋಡೋದು. ಮಂಜಿಗೆ ವಾಸನೆಯೇ ಇರಲಿಲ್ಲ. ಅನುಮಾನ ಇನ್ನೂ ಜಾಸ್ತಿ ಆಯ್ತು. "ತೇಲಿಸಿ ಎಲ್ಲಿಗೆ ಕರ್ಕೊಂಡು ಹೋಗ್ತೀಯಪ್ಪ?"

"ಎಲ್ಲಿಗೂ ಇಲ್ಲ. ಕತ್ತೆ ತೇಲಿದ್ರೆ ಸಾಕು, ಓದೋರು ಬಾಯಿ ಬಿಟ್ಕೊಂಡು ನೋಡ್ತಾರೆ. ನೀನು ಯಾರು, ನಿಂಗೇನು ಬೇಕು ಅಂತ ಯಾರೂ ಕೇಳಲ್ಲ."

"ಅವರು ಬಾಯಿ ಬಿಟ್ರೆ ನನ್ನ ಮರಿ ಹೊಟ್ಟೆ ತುಂಬುತ್ತಾ?" ಅಂದ ನಿಂಗಿ, ಬೇರೆ ದಾರಿ ಕಾಣದೆ ಮಂಜಿನೊಳಗೆ ಕಾಲಿಟ್ಟಿತು. ಮೇಲೇರಿದ ಮೇಲೆ ಮಂಜು ಅದನ್ನ ಸುಮ್ಮನೆ ನಿಂತಲ್ಲೇ ಗಿರಗಿರ ತಿರುಗಿಸಿತು. ನಿಂಗಿ ಗಂಟಲು ಹರಿಯೋ ಹಾಗೆ ಅರಚಿತು. ಆಚೆಯಿಂದ ಮರಿ ಓಗೊಟ್ಟಿತು. ಆ ದನಿ ಹಿಡ್ಕೊಂಡು ನಿಂಗಿ ಗಾಳಿಯಲ್ಲೇ ಕಾಲು ಬಡೀತಾ ಹೊಳೆ ದಾಟಿ, ಯಾರೋ ಒಣಹಾಕಿದ್ದ ಪಂಚೆ ಮೇಲೆ ದೊಪ್ಪಂತ ಬಿತ್ತು.

"ನಿಮ್ಮವ್ವ ಹಾರ್ಕೊಂಡು ಬಂದ್ಲು, ನೋಡ್ದೇನೋ?" ಅಂತ ಮಂಜು ಹಿಂದಿನಿಂದ ಕೂಗಿತು.

"ಯಾಕವ್ವ ಇಷ್ಟು ತಡ?" ಅಂತ ಮರಿ ಕೆಚ್ಚಲಿಗೆ ಬಾಯಿ ಹಾಕಿತು.