ಡಬ್ಬದ ಹಿಂದೆ ಬಂದ ಕೊಡ

ಮೊದಲು ಬಂದವರಿಗೆ ಮೊದಲು ನೀರು. ಬೀದಿ ನಲ್ಲಿಯ ಮುಂದೆ ಸಾಲು ನಿಲ್ಲುವ ಕೊಡಗಳು ತಾವೇ ಮಾಡಿಕೊಂಡಿದ್ದ ಈ ನಿಯಮವನ್ನು ಒಂದು ಬೆಳಿಗ್ಗೆ ತಾವೇ ಮುರಿದವು. ಅಂದು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದು ತುಕ್ಕು ಹಿಡಿದ ಒಂದು ಎಣ್ಣೆ ಡಬ್ಬ.

“ನೀನು ಯಾವ ಪೈಕಿ?” ಎಂದು ಸ್ಟೀಲ್ ಕೊಡ ವಿಚಾರಿಸಿತು.

“ಖಾಲಿ ಪೈಕಿ, ಸ್ವಾಮಿ. ತಾವೂ ಸದ್ಯಕ್ಕೆ ಅದೇ ಅಲ್ಲವೇ?”

ಪ್ಲಾಸ್ಟಿಕ್ ಕೊಡ ಕಿಸಕ್ಕನೆ ನಕ್ಕು, ಸ್ಟೀಲ್ ಕೊಡದ ಮುಖ ನೋಡಿ ನಗು ನುಂಗಿತು.

“ಇದರ ಬಾಯಿ ನೋಡಿ!” ಎಂದು ಸ್ಟೀಲ್ ಕೊಡ ಗದರಿತು. “ನಮ್ಮದು ಕೊಡದ ವಂಶ. ನಿಯಮವೇನಿದ್ದರೂ ಕೊಡಗಳಿಗೆ, ಡಬ್ಬಕ್ಕಲ್ಲ. ಹಿಂದೆ ಹೋಗು.”

“ನೀರು ಬರುವುದೇ ಅರ್ಧ ಗಂಟೆ. ನಿನ್ನೆಯೂ ಹಿಂದೆ ಕಳಿಸಿದಿರಿ, ಬರಿದೇ ಹೋದೆ. ಮನೆಯಲ್ಲಿ ಕುಡಿಯಲು ಹನಿ ನೀರಿಲ್ಲ.”

“ಅದಕ್ಕೆ ನಾವೇನು ಮಾಡೋಣ?” ಎನ್ನುತ್ತ ಕೊಡಗಳು ಡಬ್ಬವನ್ನು ಸಾಲಿನ ಕೊನೆಗೆ ತಳ್ಳಿದವು. ಎರಡನೆಯದಾಗಿ ಬಂದಿದ್ದ ಮುದಿ ತಾಮ್ರದ ಕೊಡವೂ ಆಗ ಬಾಯಿ ಬಿಡಲಿಲ್ಲ.

“ಬನ್ನಿ ಅಜ್ಜಿ, ಇನ್ನು ಮೊದಲ ಸರದಿ ನಿಮ್ಮದೇ” ಎಂದು ಅದನ್ನು ನಲ್ಲಿಯ ಕೆಳಗೆ ಕೂರಿಸಿದವು.

ನಲ್ಲಿ ಗೊರಗುಟ್ಟಿತು. ಮೊದಲ ಹನಿ ಬಾಯಿಗೆ ಬೀಳುತ್ತಲೇ ತಾಮ್ರದ ಕೊಡ, “ನಾನು ಬಂದಿದ್ದು ಡಬ್ಬದ ಹಿಂದೆ” ಎಂದು ಹೇಳಿ ಪಕ್ಕಕ್ಕೆ ವಾಲಿತು. ಕಲ್ಲಿಗೆ ಬಡಿದು ಅದರ ಹೊಟ್ಟೆ ನೆಗ್ಗಿತು. ಆದರೂ ನಿಲ್ಲದೆ ಠಣಠಣ ಉರುಳುತ್ತ ಸಾಲಿನ ಕೊನೆಯವರೆಗೆ ಹೋಗಿ, ಡಬ್ಬದ ಹಿಂದೆ ನೆಟ್ಟಗೆ ನಿಂತಿತು.